ಕೈಬಿಟ್ಟ ಕೈಗಡಿಯಾರ

ನಮ್ಮ ಕಲ್ಯಾಣದಲ್ಲಿ ಲೋಕಲ್ ರೈಲಿಗೆ ಸಮಯವೇ ಹೆಸರು, ‘8.14 ತಪ್ಪಿತು’ ಅಂದರೆ ಸಾಕು. ಆ ನಿಮಿಷಗಳನ್ನು ಸಾಮಾನ್ಯರ ಕೈಗೆ ಕಟ್ಟಿದ್ದು ಬೆಂಗಳೂರು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಅಲ್ಲಿ ಎಚ್‌ಎಂಟಿ ವಾಚು ಕಾರ್ಖಾನೆ ಶುರುವಾಯಿತು, ಮುಂದೆ ತುಮಕೂರಿನಲ್ಲೂ. ದಿನಾ ಕೀಲಿ ಕೊಡಬೇಕಾದ ‘ಜನತಾ’ ಮೊದಲ ಸಂಬಳದ ಖರೀದಿಯಾಯಿತು, ಅಳಿಯನಿಗೆ ಉಡುಗೊರೆಯಾಯಿತು. 1980ರ ದಶಕದ ಕೊನೆಗೆ ಬಂದ ಟೈಟನ್‌ನ ಕ್ವಾರ್ಟ್ಜ್ ವಾಚುಗಳು ಕೀಲಿಯ ಕೆಲಸ ತಪ್ಪಿಸಿದವು. ಆಮೇಲೆ ಮೊಬೈಲು ವಾಚನ್ನೇ ತಪ್ಪಿಸಿತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು.

ಇಂದಿನ ಹುಡುಗರಿಗೆ ಫೋನು ಸಮಯದ ಜೊತೆ ಗಾಡಿ ಎಷ್ಟು ತಡವೆಂದೂ ಹೇಳುತ್ತದೆ. ವಾಚು ಯಾಕೆ ಬೇಕು? ಆದರೆ ಸಮಯ ನೋಡಲೆಂದು ತೆಗೆದ ಫೋನು ಠಾಣೆ ದಾಟಿದರೂ ಜೇಬಿಗೆ ಮರಳುವುದಿಲ್ಲ. ವಾಚು ಸಮಯ ಹೇಳಿ ಸುಮ್ಮನಾಗುತ್ತಿತ್ತು. ಉಳಿದ ದಾರಿ ನಮ್ಮದೇ ಆಗಿತ್ತು.