ಹದಿನಾರು ಮಾತ್ರೆಯ ಪ್ರೀತಿ: ಫಿನ್ನಿಷ್, ಇಂಗ್ಲಿಷ್ ಮತ್ತು ಭಟ್ಕಳ ಸೀಮೆಯ ಹಾಡುಗನ್ನಡ

ಭಟ್ಕಳದ ಬಸ್‌ನಿಲ್ದಾಣದಲ್ಲಿ ನಿಂತು ಕಂಡಕ್ಟರುಗಳ ಕೂಗಿಗೆ ಕಿವಿಗೊಟ್ಟರೆ ಛಂದಸ್ಸಿನ ಮೊದಲ ಪಾಠ ಅಲ್ಲೇ ಆಗಿಹೋಗುತ್ತದೆ. ‘ಕುಮಟಾ’ ಎಂದರೆ ಎರಡು ಲಘು, ಒಂದು ಗುರು, ಒಟ್ಟು 4 ಮಾತ್ರೆ. ‘ಹೊನ್ನಾವರ’ 6. ಪಕ್ಕದ ಮುಟ್ಟಳ್ಳಿಯ ಹೆಸರನ್ನು ಯಾರೂ ಕೂಗುವುದಿಲ್ಲ. ಆದರೂ ಅಳೆದು ನೋಡಿದರೆ ಎರಡು ಗುರು, ಒಂದು ಲಘು, 5 ಮಾತ್ರೆ. ವಾರ್ಧಕ ಷಟ್ಪದಿಯ ಒಂದು ಗಣಕ್ಕೆ ಹೇಳಿ ಮಾಡಿಸಿದ ಹೆಸರು. ಇದೇ ಹೆಸರನ್ನು ಇಂಗ್ಲಿಷ್ ಬಾಯಿಗೆ ಕೊಟ್ಟರೆ ನಡುವಿನ ಅಕ್ಷರದ ಮೇಲೆ ಭಾರ ಬೀಳುತ್ತದೆ, ಮೊದಲ ಸ್ವರ ಮಸುಕಾಗುತ್ತದೆ, ‘ಟ್ಟ’ ‘ಳ್ಳ’ ಎರಡೂ ಕರಗಿ ಒಂಟಿ ವ್ಯಂಜನಗಳಾಗುತ್ತವೆ. ಊರು ಎಲ್ಲಿತ್ತೋ ಅಲ್ಲೇ ಇರುತ್ತದೆ, ಅದರ ಅಳತೆ ಮಾತ್ರ ಹೋಗುತ್ತದೆ.

ಹಾಡಿಗೆ ಯಾವ ಭಾಷೆ ಒಗ್ಗುತ್ತದೆ ಎಂಬ ಜಗಳವನ್ನು ಈ ಅಳತೆಯ ಕಡೆಯಿಂದ ನೋಡಬೇಕೆಂಬುದು ನನ್ನ ವಾದ. ಸಾಮಾನ್ಯವಾಗಿ ಅದನ್ನು ಮಾಧುರ್ಯದ ಕಡೆಯಿಂದಲೋ ಮಾರುಕಟ್ಟೆಯ ಕಡೆಯಿಂದಲೋ ನೋಡುತ್ತಾರೆ. ಫಿನ್ಲೆಂಡ್ ಈ ಜಗಳದ ಹಳೆಯ ಮನೆ. 1974ರಲ್ಲಿ ‘ರೋಡ್‌ರನ್ನರ್’ ಧ್ವನಿಮುದ್ರಿಕೆ ತಂದ ಹುರಿಗೇನ್ಸ್ ತಂಡ ಇಂಗ್ಲಿಷಿನಲ್ಲಿ ಹಾಡಿತು. ಅದೇ ದಶಕದಲ್ಲಿ ಟಾಂಪೆರೆ ನಗರದ ಯೂಯಿಸ್ ಲೆಸ್ಕಿನೆನ್ ಫಿನ್ನಿಷಿನಲ್ಲೇ ರಾಕ್ ಗೀತೆ ಕಟ್ಟಿದರು. ಯೂರೋವಿಷನ್ ಸ್ಪರ್ಧೆಯಲ್ಲಿ ಆಯಾ ದೇಶದ ಭಾಷೆಯಲ್ಲೇ ಹಾಡಬೇಕೆಂಬ ನಿಯಮ 1999ರಿಂದ ಇಲ್ಲ. ಫಿನ್ಲೆಂಡಿಗೆ ಮೊದಲ ಗೆಲುವು ತಂದುಕೊಟ್ಟ ಲಾರ್ಡಿ ತಂಡ 2006ರಲ್ಲಿ ಅಥೆನ್ಸಿನಲ್ಲಿ ಹಾಡಿದ್ದು ಇಂಗ್ಲಿಷನ್ನು. 2023ರಲ್ಲಿ ಲಿವರ್‌ಪೂಲಿನಲ್ಲಿ ಕ್ಯಾರಿಯಾ ಎಂಬ ಗಾಯಕ ಫಿನ್ನಿಷಿನಲ್ಲಿ ಹಾಡಿ ಪ್ರೇಕ್ಷಕರ ಮತದಲ್ಲಿ ಮೊದಲಿಗನಾದ, ಒಟ್ಟು ಲೆಕ್ಕದಲ್ಲಿ ಎರಡನೆಯವನಾದ. ಮತ ಹಾಕಿದವರಲ್ಲಿ ಬಹುಪಾಲು ಜನಕ್ಕೆ ಆ ಭಾಷೆಯ ಒಂದು ಪದವೂ ಬರುತ್ತಿರಲಿಲ್ಲ. ಹೀಗಾಗಿ ಮಾರುಕಟ್ಟೆಯ ಸಾಕ್ಷ್ಯ ಯಾವ ಪಕ್ಷಕ್ಕೂ ನೆರವಾಗುವುದಿಲ್ಲ.

ಫಿನ್ನಿಷಿಗೂ ಕನ್ನಡಕ್ಕೂ ಕುಲಸಂಬಂಧ ಸಾಧಿಸುವ ಗೊಡವೆಗೆ ನಾನು ಹೋಗುವುದಿಲ್ಲ. ದ್ರಾವಿಡ ಭಾಷಾವಿದ್ವಾಂಸ ಕಾಲ್ಡ್‌ವೆಲ್ಲರ ಕಾಲದಿಂದ ಆ ದಾರಿ ಹಿಡಿದವರು ಬೇಕಾದಷ್ಟಿದ್ದಾರೆ. ಬಾಯಿಯ ಅಭ್ಯಾಸದ ಹೋಲಿಕೆಯೇ ಇಲ್ಲಿಗೆ ಸಾಕು. ಎರಡರಲ್ಲೂ ಪ್ರತ್ಯಯಗಳು ಪದದ ಬಾಲಕ್ಕೆ ಒಂದರ ಹಿಂದೊಂದು ಅಂಟುತ್ತವೆ. ಎರಡರಲ್ಲೂ ಹ್ರಸ್ವ ದೀರ್ಘ ತಪ್ಪಿದರೆ ಅರ್ಥ ತಪ್ಪುತ್ತದೆ. ನಮ್ಮಲ್ಲಿ ಬಳೆ ಬಾಳೆಯಾಗುತ್ತದೆ, ಹಳೆಯದು ಹಾಳೆಯಾಗುತ್ತದೆ. ಅವರಲ್ಲಿ ‘ಮುತ’ ಎಂದರೆ ಕೆಸರು, ‘ಮುತ್ತ’ ಎಂದರೆ ಆದರೆ, ‘ಮೂತ’ ಎಂದರೆ ಬೇರೆ. ಎರವಲು ಪದ ವ್ಯಂಜನದಲ್ಲಿ ಕೊನೆಗೊಂಡರೆ ಎರಡು ಬಾಯಿಗೂ ಸಮಾಧಾನವಿಲ್ಲ. ಇಂಗ್ಲಿಷಿನ ಬಸ್ ಭಟ್ಕಳದಲ್ಲಿ ‘ಬಸ್ಸು’, ಹೆಲ್ಸಿಂಕಿಯಲ್ಲಿ ‘ಬುಸ್ಸಿ’. ಇಲ್ಲಿ ‘ಬ್ಯಾಂಕು’, ಅಲ್ಲಿ ‘ಪಂಕ್ಕಿ’. ಬಾಲಕ್ಕೊಂದು ಸ್ವರ ಕೊಟ್ಟದ್ದು ಎರಡೂ ಕಡೆ ಒಂದೇ ಕೈಚಳಕ. ಇಂಗ್ಲಿಷಿನ ನಡೆ ಬೇರೆ. ಅಲ್ಲಿ ಆಘಾತ ಬಿದ್ದ ಅಕ್ಷರ ಎದ್ದು ನಿಲ್ಲುತ್ತದೆ, ಮಿಕ್ಕವು ಕುಗ್ಗುತ್ತವೆ. ಇಂಗ್ಲಿಷ್ ಗೀತಕಾರ ಆಘಾತವನ್ನು ತಾಳದ ಪೆಟ್ಟಿಗೆ ಕೂರಿಸಿದರೆ ಕೆಲಸ ಅರ್ಧ ಮುಗಿದಂತೆ. ಕನ್ನಡದವನು ಪೆಟ್ಟಿಗೂ ಪೆಟ್ಟಿಗೂ ನಡುವಿನ ಅವಕಾಶವನ್ನು ಮಾತ್ರೆಗಳಿಂದ ತುಂಬಬೇಕು. ಫಿನ್ನಿಷಿನವನ ತಲೆಯ ಮೇಲೆ ಎರಡು ಹೊರೆ: ಪದದ ಮೊದಲ ಅಕ್ಷರಕ್ಕೆ ಆಘಾತ ಕಡ್ಡಾಯ, ಹ್ರಸ್ವ ದೀರ್ಘ ಅದರಿಂದ ಸ್ವತಂತ್ರ. ಲೋನ್ರೋಟ್ 1835ರಲ್ಲಿ ಮೊದಲು, 1849ರಲ್ಲಿ ಹಿಗ್ಗಿಸಿ ಪ್ರಕಟಿಸಿದ ‘ಕಾಲೇವಾಲ’ ಮಹಾಕಾವ್ಯದ ಎಂಟಕ್ಷರದ ಸಾಲು ನಿಂತಿರುವುದು ಈ ಎರಡು ಹೊರೆಗಳ ತೂಗಾಟದ ಮೇಲೆ.

ಈಗ ಒಂದು ವಾಕ್ಯವನ್ನು ತಕ್ಕಡಿಗೆ ಹಾಕೋಣ. ‘ಐ ಲವ್ ಯೂ’: ಮೂರು ಅಕ್ಷರ, ಕನ್ನಡದ ಬಾಯಲ್ಲಿ ಮೂರೂ ಗುರು, ಹೊನ್ನಾವರದಷ್ಟೇ 6 ಮಾತ್ರೆ. ಫಿನ್ನಿಷಿನ ‘ರಕಸ್ತನ್ ಸಿನುವ’ದಲ್ಲಿ ಆರು ಅಕ್ಷರ. ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂದರೆ ಹತ್ತು ಅಕ್ಷರ; ‘ಪ್ರೀ’ಯ ಒತ್ತನ್ನು ಶಿಥಿಲವೆಂದು ಬಿಟ್ಟುಕೊಟ್ಟರೂ 16 ಮಾತ್ರೆ. ನಾಯಕ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ನಾಯಕಿ ಬಸ್ಸು ಹತ್ತಿರುತ್ತಾಳೆ. ಕನ್ನಡ ಸಿನಿಮಾ ಹಾಡುಗಳಲ್ಲಿ ಆ ಇಂಗ್ಲಿಷ್ ವಾಕ್ಯ ಇಡಿಯಾಗಿ ಬಂದು ಕೂತಿರುವುದನ್ನು ಭಾಷಾಭಿಮಾನದ ಕೊರತೆ ಎಂದು ಬೈಯುವವರು ಈ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಬೇಕು. ಅದು ಶೋಕಿಯೂ ಹೌದು. ಆದರೆ 10 ಮಾತ್ರೆಯ ಉಳಿತಾಯ ಯಾವ ಗೀತಕಾರನಿಗೂ ಸಣ್ಣದಲ್ಲ.

ಫಿನ್ನಿಷ್ ರಾಕ್ ಗೀತೆ ಇದಕ್ಕೆ ಕಂಡುಕೊಂಡ ಉಪಾಯ ಇಂಗ್ಲಿಷಿನಲ್ಲಿ ಇರಲಿಲ್ಲ, ತನ್ನದೇ ಬೀದಿಯಲ್ಲಿ ಇತ್ತು. ಪುಸ್ತಕದ ಫಿನ್ನಿಷಿನಲ್ಲಿ ‘ನಾನು ಇದ್ದೇನೆ’ ಎನ್ನಲು ‘ಮಿನಾ ಒಲೆನ್’. ಆಡುಮಾತಿನಲ್ಲಿ ‘ಮಾ ಓನ್’. ನಾಲ್ಕು ಅಕ್ಷರ ಎರಡಾಗಿ, ವೇಗದ ಗಿಟಾರಿನ ಜೊತೆ ಭಾಷೆ ಓಡತೊಡಗಿತು. ಪುಸ್ತಕದ ಮಾತಿಗೂ ಬೀದಿಯ ಮಾತಿಗೂ ಫಿನ್ನಿಷಿನಲ್ಲಿರುವ ಅಂತರ ನಮ್ಮದಕ್ಕಿಂತ ಕಡಿಮೆಯೇನಲ್ಲ. ಭಟ್ಕಳದಿಂದ ತೆಂಕಕ್ಕೆ ತಾಲ್ಲೂಕಿನ ಗಡಿ ದಾಟಿದರೆ ಶಿರೂರು, ಬೈಂದೂರು, ಮುಂದೆ ಕುಂದಾಪುರ. ಗ್ರಂಥದ ‘ಹೋಗುತ್ತೇನೆ’ 7 ಮಾತ್ರೆ. ಕುಂದಗನ್ನಡದ ‘ಹೋತೆ’ 3. ಕ್ರಿಯೆ, ಕಾಲ, ಪುರುಷ, ಎಲ್ಲವೂ ಆ ಮೂರರೊಳಗೆ ಇವೆ. ಇಂಗ್ಲಿಷಿನ ಬಿಗಿತನವನ್ನು ಅಸೂಯೆಯಿಂದ ನೋಡುವ ಕನ್ನಡ ಗೀತಕಾರನ ಅಂಗಳದಲ್ಲೇ ಅದಕ್ಕಿಂತ ಬಿಗಿಯಾದ ಮಾತು ಬಿದ್ದಿದೆ.

ಬಿದ್ದಿದೆ ಎಂದೆ, ಏಕೆಂದರೆ ಹಾಡು ಅದನ್ನು ಹೆಚ್ಚಾಗಿ ಎತ್ತಿಕೊಂಡಿಲ್ಲ. ಬೇರೆ ಎರಡು ದಾರಿ ಹಿಡಿದಿದೆ. ಒಂದು, ಹಿಂದಕ್ಕೆ ಹೋಗುವ ದಾರಿ. ಹೊನ್ನಾವರ ಸೀಮೆ ಯಕ್ಷಗಾನದ ತವರು. ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದರು. ಪ್ರಸಂಗದ ಪುಸ್ತಕ ತೆರೆದರೆ ಪ್ರತಿ ಪದದ ನೆತ್ತಿಯ ಮೇಲೆ ರಾಗ, ತಾಳದ ಹೆಸರು ಅಚ್ಚಾಗಿರುತ್ತದೆ. ಭಾಮಿನಿಯ ಮೂರು–ನಾಲ್ಕರ ನಡೆ, ವಾರ್ಧಕದ ಐದರ ನಡೆ, ತ್ರಿವುಡೆ, ಝಂಪೆ. ಅರ್ಥಧಾರಿಯ ಮಾತು ರಾತ್ರಿಯಿಂದ ರಾತ್ರಿಗೆ ಬದಲಾಗಬಹುದು, ಪದ್ಯ ಬದಲಾಗದು. ಆ ಪದ್ಯದಲ್ಲಿ ಹೋಗುವವನು ‘ಪೋಪೆನು’ ಎನ್ನುತ್ತಾನೆ: 4 ಮಾತ್ರೆ. ಯಾರ ಮನೆಯಲ್ಲೂ ಆಡದ ರೂಪ. ಆದರೂ ಕರಾವಳಿಯ ಮಗು ಶಾಲೆಗೆ ಹೋಗುವ ಮೊದಲೇ ಅದನ್ನು ಕೇಳಿ ತಿಳಿದಿರುತ್ತದೆ. ಹಳಗನ್ನಡದ ಪಕಾರ ಇಲ್ಲಿ ಉಳಿದದ್ದಕ್ಕೆ ಪಾಂಡಿತ್ಯದ ಮೋಹ ಒಂದೇ ಕಾರಣವಲ್ಲ, ತಾಳದ ಹಸಿವೂ ಕಾರಣ.

ಇನ್ನೊಂದು ದಾರಿ ನವೋದಯದ ಕವಿಗಳದು. ‘ಬರುತ್ತಿದೆ’ ಎಂಬ 5 ಮಾತ್ರೆಯ ಪದದ ದ್ವಿತ್ವ ಬಿಚ್ಚಿ ‘ಬರುತಿದೆ’ ಎಂದು 4 ಮಾಡುವುದು. ಯಾವ ಊರಿನ ಆಡುಮಾತೂ ಅಲ್ಲದ, ವ್ಯಾಕರಣದ ಪುಸ್ತಕದ್ದೂ ಅಲ್ಲದ ಈ ಹಾಡುಗನ್ನಡ ಭಾವಗೀತೆಯಿಂದ ಸಿನಿಮಾಕ್ಕೆ ಇಳಿದು ಇಂದು ನಮಗೆ ಸಹಜವೆನಿಸಿಬಿಟ್ಟಿದೆ. ಇಂಗ್ಲಿಷಿನ ಪಾತ್ರವೂ ಇದರಲ್ಲಿದೆ. ಹಟ್ಟಿಯಂಗಡಿ ನಾರಾಯಣರಾಯರ ‘ಆಂಗ್ಲ ಕವಿತಾವಳಿ’ 1919ರದು, ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ಪುಸ್ತಕವಾಗಿ ಬಂದದ್ದು 1926ರಲ್ಲಿ. ಶ್ರೀಯವರು ಇಂಗ್ಲಿಷಿನಿಂದ ಚರಣಗಳ ಜೋಡಣೆ ತಂದರು, ಅಂತ್ಯಪ್ರಾಸ ತಂದರು, ಸಾಲಿನ ನಡುವೆ ಉಸಿರಾಡುವ ಜಾಗ ತಂದರು. ಆಘಾತವನ್ನು ಮಾತ್ರ ತರಲಿಲ್ಲ; ಮೂರು, ನಾಲ್ಕು, ಐದು ಮಾತ್ರೆಯ ಗಣಗಳನ್ನೇ ಹಿಡಿದುಕೊಂಡರು. ತರಲು ಬಾರದ್ದನ್ನು ಬಿಟ್ಟುಬಂದ ಆ ವಿವೇಕವೇ ಅವರ ದೊಡ್ಡ ಛಂದೋಸಾಧನೆ ಎಂದು ನನಗನ್ನಿಸುತ್ತದೆ.

ಮನೆಯ ಭಾಷೆ ಬಿಟ್ಟು ಇನ್ನೊಂದರಲ್ಲಿ ಹಾಡು ಬರೆಯುವುದು ಈ ಕರಾವಳಿಗೆ ಹೊಸದಲ್ಲ. ಬಂಟ್ವಾಳದ ಪಂಜೆ ಮಂಗೇಶರಾಯರು, ಮಂಜೇಶ್ವರದ ಗೋವಿಂದ ಪೈ ಇಬ್ಬರ ಮನೆಮಾತೂ ಕೊಂಕಣಿ. ಕುಮಟಾ ತಾಲ್ಲೂಕಿನ ಗೋಕರ್ಣದಲ್ಲಿ 1955ರಲ್ಲಿ ಹುಟ್ಟಿದ ಜಯಂತ ಕಾಯ್ಕಿಣಿಯವರದೂ ಅದೇ. ಹೆಲ್ಸಿಂಕಿಯ ಹುಡುಗ ಇಂಗ್ಲಿಷನ್ನು ಕಲಿತದ್ದು ರೆಕಾರ್ಡುಗಳಿಂದ. ಗೋಕರ್ಣದ ಹುಡುಗನಿಗೆ ಕನ್ನಡ ಶಾಲೆಯಲ್ಲಿತ್ತು, ಪೇಟೆಯಲ್ಲಿತ್ತು, ರಾತ್ರಿಯ ಆಟದಲ್ಲಿತ್ತು. ಈ ವ್ಯತ್ಯಾಸ ದೊಡ್ಡದು. ಭಟ್ಕಳ ಪೇಟೆಯ ನವಾಯತರ ಸಂಗತಿ ಫಿನ್ಲೆಂಡಿಗೆ ಇನ್ನೂ ಹತ್ತಿರ: ಮನೆಯಲ್ಲಿ ಕೊಂಕಣಿಯ ಬಳಗಕ್ಕೆ ಸೇರಿದ ನವಾಯತಿ, ಬರೆಯಲು ಉರ್ದು ಲಿಪಿ, ಗಜಲಿನ ಪ್ರತಿಷ್ಠೆಯೆಲ್ಲ ಉರ್ದುವಿಗೆ. ಅದು ಬೇರೆಯದೇ ಲೇಖನವಾಗಬೇಕು.

ಕಾಯ್ಕಿಣಿಯವರು 2006ರ ‘ಮುಂಗಾರು ಮಳೆ’ಗೆ ಮನೋಮೂರ್ತಿಯವರ ಸಂಗೀತದಲ್ಲಿ ಬರೆದ ಗೀತೆಯನ್ನು ಹಾಡಿದ್ದು ಸೋನು ನಿಗಮ್, ಕನ್ನಡದವರಲ್ಲ. ಸಿನಿಮಾದಲ್ಲಿ ಟ್ಯೂನು ಮೊದಲು, ಮಾತು ಆಮೇಲೆ. ‘ಲಾಲ ಲಾ’ ಎಂದು ಖಾಲಿ ಬಂದ ರಾಗದ ಉದ್ದ ಸ್ವರದ ಕೆಳಗೆ ಬರೆಯುವವನು ಹ್ರಸ್ವ ಇಟ್ಟರೆ ಬಳೆ ಬಾಳೆಯಾಗುವ ಭಯ. ಆದರೆ ನಾನು ಗಮನಿಸಿದ್ದು ಇಷ್ಟು: ಆಲಾಪದಲ್ಲಿ ಸ್ವರದ ಹ್ರಸ್ವ ದೀರ್ಘ ಕಲಸಿಹೋದರೂ ಕೇಳುಗ ಸಂದರ್ಭದಿಂದ ಸರಿಮಾಡಿಕೊಳ್ಳುತ್ತಾನೆ, ದ್ವಿತ್ವ ಹೋದರೆ ಮಾತ್ರ ಕ್ಷಮಿಸುವುದಿಲ್ಲ. ‘ಹಳ್ಳಿ’ಯನ್ನು ಎಷ್ಟು ಎಳೆದರೂ ನಾಲಗೆ ‘ಳ್ಳ’ದ ಮೇಲೆ ಒಂದು ಕ್ಷಣ ನಿಲ್ಲಲೇಬೇಕು. ರಾಗ ಸ್ವರವನ್ನು ನುಂಗಬಲ್ಲದು, ಆ ತಡೆಯನ್ನು ನುಂಗಲಾರದು. ಹೊರಗಿನ ಗಾಯಕರ ಕನ್ನಡ ನಮ್ಮ ಕಿವಿಗೆ ಎಡವುವುದು ಬಹುಮಟ್ಟಿಗೆ ಅಲ್ಲೇ. ಫಿನ್ನಿಷಿನ ‘ಮುತ್ತ’ವನ್ನು ‘ಮುತ’ ಎಂದು ಹಾಡುವ ಪರದೇಶಿಯೂ ಅಲ್ಲೇ ಎಡವುತ್ತಾನೆ.

ಫಿನ್ಲೆಂಡ್ ಈ ಕರಾವಳಿಗೆ ಒಮ್ಮೆ ಖುದ್ದಾಗಿ ಬಂದದ್ದುಂಟು. ಜಾನಪದ ವಿದ್ವಾಂಸ ಲೌರಿ ಹೊಂಕೊ, ಅವರ ಪತ್ನಿ ಅನ್ನೇಲಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರು ಕೂಡಿ 1990ರ ಡಿಸೆಂಬರಿನಲ್ಲಿ ಬೆಳ್ತಂಗಡಿ ತಾಲ್ಲೂಕು ಮಾಚಾರಿನ ಗೋಪಾಲ ನಾಯ್ಕರಿಂದ ತುಳು ಸಿರಿ ಪಾಡ್ದನವನ್ನು ಧ್ವನಿಮುದ್ರಿಸಿಕೊಂಡರು. 15,683 ಸಾಲು. 1998ರಲ್ಲಿ ತುಳು ಪಾಠ ಮತ್ತು ಇಂಗ್ಲಿಷ್ ಅನುವಾದದೊಡನೆ ಅದು ಹೆಲ್ಸಿಂಕಿಯಿಂದ ಪ್ರಕಟವಾಯಿತು. ನಾಯ್ಕರು ಅದಕ್ಕೂ ಮೊದಲು ಇದೇ ಕಥೆಯನ್ನು ಹೇಳಿ ಬರೆಸಿದ್ದರು. ಆ ಪಾಠ ಹಾಡಿದ್ದಕ್ಕಿಂತ ಬಹಳ ಚಿಕ್ಕದು. ಕಥೆ ಅದೇ, ಬಾಯಿ ಅದೇ. ರಾಗ ಹಿಡಿದಾಗ ಸಾಲು ತನ್ನನ್ನು ತಾನು ತುಂಬಿಕೊಳ್ಳಲು ಪಲ್ಲವಿಯ ಸೊಲ್ಲು, ಪುನರುಕ್ತಿ, ಸಂಬೋಧನೆಗಳನ್ನು ಕರೆದುಕೊಳ್ಳುತ್ತದೆ. ಇಂಗ್ಲಿಷ್ ಅನುವಾದ ಓದುವಾಗ ಅವು ಅತಿಯೆನಿಸುತ್ತವೆ, ಏಕೆಂದರೆ ಅವು ಓದಲು ಇದ್ದವಲ್ಲ.

ಇದೇ ತುಂಬಿಕೆಯ ವಿದ್ಯೆ ಹಾಲಕ್ಕಿ, ಗೊಂಡ ಹೆಂಗಸರ ಪದಗಳಲ್ಲೂ ಇದೆ. ಹೊನ್ನಾವರದ ಎನ್.ಆರ್. ನಾಯಕ, ಶಾಂತಿ ನಾಯಕ ದಂಪತಿ ದಶಕಗಟ್ಟಲೆ ಇವನ್ನು ಕಲೆಹಾಕಿದರು. ಅಂಕೋಲೆಯ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. ಆಡುಮಾತಿನ ಗಿಡ್ಡ ಕ್ರಿಯಾಪದ, ಉಳಿದ ಜಾಗಕ್ಕೆ ಸೊಲ್ಲು. ಯೂಯಿಸ್ ಲೆಸ್ಕಿನೆನ್ ಟಾಂಪೆರೆಯಲ್ಲಿ ಮಾಡಿದ್ದನ್ನು ಇಲ್ಲಿ ನಾಟಿ ಗದ್ದೆಯಲ್ಲಿ ಬಗ್ಗಿದ ಹೆಂಗಸರು ಯಾರನ್ನೂ ಕೇಳದೆ ಮಾಡಿಕೊಂಡು ಬಂದಿದ್ದರು.

ಅಚ್ಚಿಗೆ, ರಂಗಕ್ಕೆ, ಪರದೆಗೆ ಬರುವ ಹೊತ್ತಿಗೆ ಮಾತ್ರ ನಾವು ಮಾತು ಬದಲಿಸುತ್ತೇವೆ. 2022ರ ‘ಕಾಂತಾರ’ದಲ್ಲಿ ಪಾತ್ರಗಳು ಕುಂದಗನ್ನಡದಲ್ಲಿ ಜಗಳವಾಡುತ್ತವೆ, ಬೈಯುತ್ತವೆ, ಪ್ರೀತಿಸುತ್ತವೆ. ಚಿತ್ರದ ಹೆಸರಾಂತ ಹಾಡು ‘ವರಾಹ ರೂಪಂ’ ಬಂದಾಗ ಭಾಷೆ ಸಂಸ್ಕೃತದ ಮಡಿ ಉಟ್ಟು ನಿಲ್ಲುತ್ತದೆ. ಹಾಡು ಚೆನ್ನಾಗಿಲ್ಲವೆಂದಲ್ಲ. ದೈವದ ಗಾಂಭೀರ್ಯಕ್ಕೆ ಊರಿನ ಮಾತು ಸಾಲದೆಂದು ಯಾರೂ ಹೇಳಲಿಲ್ಲ, ಎಲ್ಲರೂ ಹಾಗೆಂದುಕೊಂಡರು. ಕನ್ನಡವೋ ಇಂಗ್ಲಿಷೋ ಎಂದು ನಾವು ಕೇಳುತ್ತಿರುವ ಜಾಗದಲ್ಲಿ ಯಾವ ಕನ್ನಡ ಎಂದು ಕೇಳಬೇಕಿತ್ತು.

ಒಂದು ಸಂಜೆ ಯಕ್ಷಗಾನದ ತರಬೇತಿ ನೋಡುತ್ತ ಕೂತಿದ್ದೆ. ಹತ್ತು ಹನ್ನೆರಡರ ಹುಡುಗನೊಬ್ಬ ಚಂಡೆಯ ಪೆಟ್ಟಿಗೆ ಸರಿಯಾಗಿ ಕಾಲೆತ್ತಿ, ಭಾಗವತರ ‘ಪೋಪೆನು’ಗೆ ಕೈಮುಗಿದು, ರಂಗದಿಂದ ತಿರುಗಿದ. ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿಕೊಳ್ಳುತ್ತ ಗೆಳೆಯನಿಗೆ ಅದೇ ಮಾತನ್ನು ತನ್ನ ಊರಿನ ರೂಪದಲ್ಲಿ ಕೂಗಿ ಹೇಳಿ ಓಡಿದ. ಮದ್ದಳೆಯವರು ಶ್ರುತಿ ಸರಿಮಾಡಿಕೊಳ್ಳುತ್ತಿದ್ದರು. ಆ ಕೂಗಿಗೆ ಅವರ ಬೆರಳು ತಾನಾಗಿ ಮೂರು ಪೆಟ್ಟು ಹಾಕಿತು.