‘ಚಾಪ್’ ಅಂದ್ರೆ ಯಾರು? ಒಬ್ಬ ಗಿರಾಕಿಯ ಕಥೆ

ಹಳೇ ಇಂಗ್ಲಿಷ್ ಸಿನಿಮಾ ನೋಡಿರ್ತೀರಿ. ಕೋಟು, ಟೋಪಿ, ಕೈಯಲ್ಲೊಂದು ಕೋಲು. ಗೆಳೆಯನ ಬೆನ್ನು ತಟ್ಟಿ ಒಬ್ಬ ಹೇಳ್ತಾನೆ, ‘ಓಲ್ಡ್ ಚಾಪ್!’ ಈಗ ಬ್ರಿಟನ್ನಿನಲ್ಲೂ ಆ ಮಾತಿಗೆ ವಯಸ್ಸಾಗಿದೆ. ಆದರೂ ಅದಕ್ಕೊಂದು ಗತ್ತು ಇದೆ ಅಲ್ವಾ? ನನ್ನ ಮೊದಲ ಕೆಲಸದಲ್ಲಿ ಲಂಡನ್ನಿನ ಹಿರಿಯರೊಬ್ಬರು ಮೇಲ್‌ನಲ್ಲಿ ನನ್ನನ್ನು ‘ಗುಡ್ ಚಾಪ್’ ಅಂತ ಬರೆದಿದ್ರು. ಸ್ಕ್ರೀನ್‌ಶಾಟ್ ತೆಗೆದು ಇಟ್ಕೊಂಡಿದ್ದೆ.

ಅದೇ ನಾನು, ಪಿಯುಸಿಯಲ್ಲಿದ್ದಾಗ, ಹುಬ್ಬಳ್ಳಿಯ ನಮ್ಮ ಕಿರಾಣಿ ಅಂಗಡಿಯಲ್ಲಿ ಕೂತಿದ್ದ ಅಜ್ಜ ನನ್ನ ಗೆಳೆಯನನ್ನು ನೋಡಿ ‘ಇಂವ ಭಾರಿ ಗಿರಾಕಿ ಅದಾನ’ ಅಂದಾಗ ನಾಚಿಕೆಯಿಂದ ಮುದುಡಿ ಹೋಗಿದ್ದೆ. ಮನುಷ್ಯರನ್ನ ಗಿರಾಕಿ ಅನ್ನೋದಾ? ಏನು ಅಂಗಡಿ ಬುದ್ಧಿ ಅನ್ನಿಸಿತ್ತು.

ಆಮೇಲೆ ಗೊತ್ತಾಯ್ತು, ಚಾಪ್ ಅಂದ್ರೂ ಗಿರಾಕಿನೇ.

ಅದು ಪೂರ್ತಿ ಪದ ಅಲ್ಲ, ‘ಚಾಪ್‌ಮನ್’ ಅನ್ನೋದರ ತುಂಡು. ವ್ಯಾಪಾರ, ಚೌಕಾಸಿ ಅನ್ನೋದಕ್ಕೆ ಹಳೇ ಇಂಗ್ಲಿಷಿನಲ್ಲಿದ್ದ ಪದದಿಂದ ಹುಟ್ಟಿದ್ದು. ‘ಚೀಪ್’ ಕೂಡ ಅದರದ್ದೇ ಕುಡಿ. ಮೊದಲು ‘ಗುಡ್ ಚೀಪ್’ ಅಂತಿದ್ರು, ಒಳ್ಳೇ ವ್ಯವಹಾರ ಕುದುರಿತು ಅಂತ. ‘ಗುಡ್’ ಉದುರಿಹೋಗಿ ಬರೀ ಅಗ್ಗ ಉಳೀತು. ಲಂಡನ್ನಿನ ಚೀಪ್‌ಸೈಡ್ ರಸ್ತೆ ಮಧ್ಯಯುಗದ ದೊಡ್ಡ ಪೇಟೆ. ಅದರ ಪಕ್ಕದ ಬೀದಿಗಳಿಗೆ ಇವತ್ತಿಗೂ ಮಿಲ್ಕ್ ಸ್ಟ್ರೀಟ್, ಬ್ರೆಡ್ ಸ್ಟ್ರೀಟ್ ಅಂತಲೇ ಹೆಸರು. ಕೋಪನ್‌ಹೇಗನ್ ಅಂದ್ರೆ ವರ್ತಕರ ಬಂದರು. ಅಲ್ಲೂ ಇದೇ ಬೇರು. ಕ್ರಿಕೆಟ್‌ನಲ್ಲಿ ಚಾಪ್‌ಮನ್ ಅನ್ನೋ ಅಡ್ಡಹೆಸರು ಕೇಳಿರ್ತೀರಿ. ನಮ್ಮ ಕಡೆ ‘ಅಂಗಡಿ’ ಅಂತ ಇರೋ ಹಾಗೇ.

ಈ ಚಾಪ್‌ಮನ್‌ಗಳಲ್ಲಿ ಹೆಚ್ಚಿನವರು ಬೆನ್ನ ಮೇಲೆ ಗಂಟು ಹೊತ್ತು ಊರೂರು ಸುತ್ತೋರು. ಸೂಜಿ, ರಿಬ್ಬನ್, ಜೊತೆಗೆ ಒಂದು ಪೆನ್ನಿಯ ಪುಟ್ಟ ಕಥೆ ಪುಸ್ತಕ. ಅವಕ್ಕೆ ಮುಂದೆ ‘ಚಾಪ್‌ಬುಕ್’ ಅಂತಲೇ ಹೆಸರು ಬಂತು. ಡೈರಿಗೆ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ಅಂಥವನ್ನು ಕೂಡಿಟ್ಟಿದ್ದ. ಕೇಂಬ್ರಿಜ್‌ನಲ್ಲಿ ಇನ್ನೂ ಇವೆ. ಪಟ್ಟಣದ ಅಂಗಡಿಯವರಿಗೆ ಮಾತ್ರ ಇವರನ್ನ ಕಂಡ್ರೆ ಆಗ್ತಿರಲಿಲ್ಲ. 1697ರಲ್ಲಿ ಲೈಸೆನ್ಸ್ ಕಾನೂನು ಬಂತು: ನಡೆದು ಮಾರೋನು ವರ್ಷಕ್ಕೆ 4 ಪೌಂಡ್ ಕಟ್ಟಬೇಕು, ಕುದುರೆ ಇದ್ರೆ ಇನ್ನೂ 4. ಬಿಕಾಂ ಓದಿದವನಾಗಿ ಹೇಳ್ತೀನಿ, ಸೂಜಿ ಮಾರೋನಿಗೆ ಅದು ಸಣ್ಣ ಖರ್ಚಲ್ಲ.

ಮಜಾ ಏನಂದ್ರೆ, ಚಾಪ್‌ಮನ್ ಅಂದ್ರೆ ಮಾರೋನೂ ಹೌದು, ಕೊಳ್ಳೋನೂ ಹೌದು. 16ನೇ ಶತಮಾನದ ಕೊನೆಯ ಹೊತ್ತಿಗೆ ತುಂಡು ಪದ ‘ಚಾಪ್’ ಗಿರಾಕಿಗೆ ಅಂಟಿಕೊಳ್ತು. 18ನೇ ಶತಮಾನದ ಶುರುವಿಗೆ ‘ಒಬ್ಬ ಮನುಷ್ಯ’, ‘ಆಸಾಮಿ’ ಅನ್ನೋ ಅರ್ಥ ಬರವಣಿಗೆಯಲ್ಲೂ ಕಾಣುತ್ತೆ, ಸಾಮಾನ್ಯವಾಗಿ ಮುಂದೊಂದು ಬಾಲ ಕಟ್ಟಿಕೊಂಡು: ಗುಡ್ ಚಾಪ್, ಪೂರ್ ಚಾಪ್. ನಮ್ಮ ‘ಭಾರಿ ಗಿರಾಕಿ’ ಥರ. ಹೆಂಗಸರಿಗೆ ಮಾತ್ರ ಆ ಪದ ಅಷ್ಟಾಗಿ ಸಿಗಲಿಲ್ಲ, ಅವರೂ ಸಾಮಾನು ಕೊಳ್ತಿದ್ರು ಅನ್ನೋದು ಬೇರೆ ಮಾತು.

ಈಗಷ್ಟೇ ‘ಆಸಾಮಿ’ ಅಂದೆನಲ್ಲ, ಅದೂ ಲೆಕ್ಕದ ಪುಸ್ತಕದಿಂದ ಬಂದವನೇ. ಅರಬ್ಬಿಯಲ್ಲಿ ‘ಹೆಸರುಗಳು’ ಅನ್ನೋ ಪದ. ಕಂದಾಯದ ಲೆಕ್ಕದಲ್ಲಿ ರೈತನಾಗಿ, ಸಾಲಗಾರನಾಗಿ, ನಮ್ಮ ಬಾಯಲ್ಲಿ ಯಾರೋ ಒಬ್ಬನಾದ. ‘ಫೆಲೋ’ ಇನ್ನೂ ಮೇಲೆ. ನಾರ್ಸ್ ಭಾಷೆಯಲ್ಲಿ ಅದು ಜೊತೆಗೆ ದುಡ್ಡು ಹಾಕಿದ ಪಾಲುದಾರ. ನಾವು ಅದನ್ನ ಬೈಗುಳ ಮಾಡ್ಕೊಂಡ್ವಿ, ‘ಎಂಥಾ ಫೆಲೋ ಅವ್ನು’ ಅಂತ!

ನನಗನ್ನಿಸೋದು, ದಿನಕ್ಕೆ ನೂರು ಮುಖ ನೋಡೋನು ಗಲ್ಲಾಪೆಟ್ಟಿಗೆ ಹಿಂದೆ ಕೂತೋನೇ. ಯಾರು ಚೌಕಾಸಿ ಮಾಡ್ತಾರೆ, ಯಾರು ಉದ್ರಿ ಹೇಳಿ ಮಾಯ ಆಗ್ತಾರೆ, ಅವನಿಗೆ ಗೊತ್ತು. ಜನರನ್ನ ಕರೆಯೋ ಪದ ಅವನ ಬಾಯಿಂದ ಬಂದಿದ್ದರಲ್ಲಿ ಆಶ್ಚರ್ಯ ಇಲ್ಲ.

ಅಜ್ಜನ ಉದ್ರಿ ಪುಸ್ತಕ ಈಗ ನನ್ನ ಹತ್ರ ಇದೆ. ಮೊನ್ನೆ ಈ ಎಪಿಸೋಡಿಗಾಗಿ ತೆಗೆದು ನೋಡ್ದೆ. ಒಂದು ಪುಟದಲ್ಲಿ ಹೆಸರೇ ಇಲ್ಲ. ‘ಒಳ್ಳೇ ಗಿರಾಕಿ, 40 ರೂ.’ ಅಂತಷ್ಟೇ ಇದೆ. ಜಮಾ ಆಗಿಲ್ಲ. ಅಜ್ಜ ಅದನ್ನ ಹೊಡೆದು ಹಾಕಿಯೂ ಇಲ್ಲ.