ಯಾವ ನಾಯಿ, ಯಾವ ಮನಿಗೆ?

ಹುಬ್ಬಳ್ಳ್ಯಾಗಿರೂ ನಮ್ಮ ತಂಗಿ ಮೊನ್ನೆ ಫೋನ್ ಮಾಡಿದ್ಲು. "ಅಕ್ಕಾ, ಮುಧೋಳ ನಾಯಿದು ಒಂದು ಮರಿ ಕೊಡಸು. ಹುಡುಗ ಹಟ ಹಿಡದಾನ. ನಮ್ಮ ಕಡೆ ನಾಯಿ ಇರೂ ಮುಂದ ಪರದೇಶದ್ದು ಯಾಕ ಬೇಕು?" ಅಂದ್ಲು. ಅಕಿದು ಎರಡನೇ ಅಂತಸ್ತಿನ ಫ್ಲ್ಯಾಟು. ಎಂಟು ವರ್ಷದ ಮಗ, ಕೋಲು ಹಿಡಕೊಂಡು ಅಡ್ಡಾಡೂ ಅತ್ತಿ, ಗಂಡ ಹೆಂಡ್ತಿ ಇಬ್ರೂ ಮುಂಜಾನೆ ಕೆಲಸಕ್ಕ ಹೋದ್ರ ಸಂಜಿಗೇ ಬರೋರು. ನಾ "ಬ್ಯಾಡವಾ" ಅಂದೆ. ಅಕಿಗೆ ಸಿಟ್ಟು ಬಂತು, ಫೋನ್ ಇಟ್ಟಬಿಟ್ಲು. ಯಾಕ ಬ್ಯಾಡ ಅಂದೆ ಅನ್ನೂದನ್ನ ಇಲ್ಲಿ ಬರ್ಯಾಕತ್ತೀನಿ. ನಿಮ್ಮ ಮನ್ಯಾಗೂ ಮಕ್ಕಳು ನಾಯಿಮರಿ ಕೇಳಾಕತ್ತಿದ್ರ ಒಂದೀಟು ಓದ್ರಿ.

ನಾಯಿ ಆರಿಸ್ಕೊಂಡವರ ಕಥಿ ನಮ್ಮ ನಾಡಿನ್ಯಾಗ ಸಾವಿರ ವರ್ಷದ್ದು ಐತಿ, ಅದೂ ಕಲ್ಲಿನ ಮ್ಯಾಲ. ಮಂಡ್ಯ ಜಿಲ್ಲಾದ ಆತಕೂರಿನ ಶಾಸನ, ಇಸವಿ 949-50ರದ್ದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಾಗ ಇಟ್ಟಾರ. ತಕ್ಕೋಲ ಅನ್ನೂ ಕಡೆ ರಾಷ್ಟ್ರಕೂಟರಿಗೂ ಚೋಳರಿಗೂ ದೊಡ್ಡ ಕಾಳಗ ಆಗಿ ಚೋಳರ ರಾಜಾದಿತ್ಯ ಸತ್ತ. ರಾಷ್ಟ್ರಕೂಟರ ಕಡೆ ನಿಂತಿದ್ದ ಗಂಗರ ಬೂತುಗನ ದಂಡಿನ್ಯಾಗ ಮಣಲೇರ ಅಂತ ಒಬ್ಬ ವೀರ ಇದ್ದ. ಅವನ ಹೋರಾಟ ನೋಡಿ ಬೂತುಗ ಮೆಚ್ಚಿ, ಬೇಕಾದ್ದು ಕೇಳು ಅಂದ. ಮಣಲೇರ ಬಂಗಾರ ಕೇಳಲಿಲ್ಲ. ಅರಸನ ಹಂತ್ಯಾಕಿದ್ದ ಕಾಳಿ ಅನ್ನೂ ನಾಯಿ ಕೇಳಿ ತಗೊಂಡ.

ಮುಂದ ಕೆಳಲೆ ಸೀಮಿ ಗುಡ್ಡದಾಗ ಕಾಳಿನ್ನ ದೊಡ್ಡದೊಂದು ಹಂದಿ ಮ್ಯಾಲ ಬಿಟ್ರು. ನಾಯಿ, ಹಂದಿ ಎರಡೂ ಬಡದಾಡಿ ಸತ್ವು. ಮಣಲೇರ ಕಾಳಿ ಹೆಸರಿಲೆ ಚಲ್ಲೇಶ್ವರ ಗುಡಿ ಮುಂದ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟುಕೊಟ್ಟ. ಆ ಕಲ್ಲಿಗೆ ಪೂಜಿ ಮಾಡದ ಪೂಜಾರಿ ಉಂಡ್ರ ಪಾಪ ಸುತ್ತಕೋತೈತಿ ಅಂತನೂ ಬರಸಿದ. ಕಲ್ಲಿನ ಮ್ಯಾಲ ನಾಯಿ, ಹಂದಿ ಬಡದಾಡೂ ಚಿತ್ರ ಇವತ್ತಿಗೂ ಕಾಣತೈತಿ.

ಈ ಕಥಿ ಓದಿದಾಗೆಲ್ಲಾ ನನಗೊಂದು ಮಾತು ಹೊಳೀತೈತಿ. ಮಣಲೇರಗ ತನ್ನ ಬಾಳೇವು ಎಂಥಾದ್ದು ಅಂತ ಗೊತ್ತಿತ್ತು. ಅಂವಗ ಬೇಕಾಗಿದ್ದು ಬೇಟಿ ನಾಯಿ, ಕೇಳಿದ್ದೂ ಬೇಟಿ ನಾಯಿನ್ನ. ನಾವು ಹಂಗ ಮಾಡೂದಿಲ್ಲ. ಚಂದ ನೋಡ್ತೀವಿ, ಹೆಸರು ನೋಡ್ತೀವಿ, ಮನಿಗೆ ತಂದ ಮ್ಯಾಲ ಗುಣ ನೋಡ್ತೀವಿ.

ಮುಧೋಳ ನಾಯಿನೂ ಬೇಟಿಗಂತನ ಬೆಳಸಿದ್ದು. ವ್ಯಾಪಾರಸ್ಥರ ತಾಂಡಾಗಳ ಜೋಡಿ ಪಡುವಣ ದೇಶಗಳಿಂದ ಇದರ ಮೂಲ ಬಂತು ಅಂತ ಹೇಳ್ತಾರ. ಮಹಾರಾಷ್ಟ್ರದಾಗ ಇದಕ್ಕ ಕಾರವಾನಿ ಅಂತನ ಕರೀತಾರ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಅವರು ಸುತ್ತಮುತ್ತಲಿನ ಬೇಟಿಗಾರ ಮಂದಿ ಹಂತ್ಯಾಕ ಈ ನಾಯಿ ನೋಡಿ, ಛಲೋದು ಛಲೋದು ಆರಿಸಿ ತಳಿ ಉಳಿಸಿದ್ರು. ಇಂಗ್ಲೆಂಡಿನ ಐದನೇ ಜಾರ್ಜ್ ದೊರಿಗೆ ಒಂದು ಜೋಡಿ ಕಾಣಿಕಿ ಕೊಟ್ರು. ಉದ್ದ ಮಾರಿ, ಆಳ ಎದಿ, ಸಣ್ಣ ನಡ, ಉದ್ದನ್ನ ಕಾಲು. ಮೂಗಿಗಿಂತ ಕಣ್ಣಿನ ಮ್ಯಾಲ ಬೇಟಿ ಆಡೂ ನಾಯಿ ಇದು. ದೂರದಾಗ ಮೊಲ ಮಿಸುಕಿದ್ರ ಸಾಕು, ಆಮ್ಯಾಲ ನೀವು ಎಷ್ಟು ಕೂಗಿದ್ರೂ ಅದರ ಕಿವಿಗೆ ಬೀಳೂದಿಲ್ಲ.

1948ರಾಗ ಸಂಸ್ಥಾನ ವಿಲೀನ ಆತು. 1972ರಾಗ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟಿಗೆ ಕಡಿವಾಣ ಬಿತ್ತು. ನಾಯಿಗೆ ಕೆಲಸ ಹೋತು, ಆದ್ರ ಕಣ್ಣು, ಕಾಲು, ಓಡೂ ಹುಕಿ ಹಂಗ ಉಳೀತು. 2005ರಾಗ ಅಂಚೆ ಚೀಟಿ ಮ್ಯಾಲ ಅದರ ಚಿತ್ರ ಬಂತು. ಮುಧೋಳ ಹತ್ತಿರ ತಿಮ್ಮಾಪುರದಾಗ ಸಂಶೋಧನಾ ಕೇಂದ್ರ ಆತು. 2016ರಾಗ ಮರಿಗಳು ಮೀರತ್‌ಗೆ ಸೈನ್ಯದ ತರಬೇತಿಗೆ ಹೋದ್ವು. 2020ರಾಗ ಪ್ರಧಾನಿ ರೇಡಿಯೋದಾಗ ಹೆಸರು ಹೇಳಿದ್ರು. ಹೆಸರು ಬೆಳದಂಗ ಪಟ್ಟಣದ ಮನಿಗಳಿಗೂ ಮರಿ ಬೇಕಾದ್ವು.

ಹಂಗ ಬೇಕಂದವರಾಗ ನಮ್ಮ ತಮ್ಮನೂ ಒಬ್ಬ. ಬೆಂಗಳೂರಿಗೆ ಅಂವಗ ಮರಿ ಕೊಡಿಸಿದಾಕಿ ನಾನ. "ನಮ್ಮ ಊರ ಕಡೆ ನಾಯಿಪಾ, ಹೆಮ್ಮಿ ಇರಲಿ" ಅಂದಿದ್ದೆ. ಬಿಳಿಯಾ ಅಂತ ಹೆಸರಿಟ್ರು. ಹಗಲೆಲ್ಲಾ ಬಾಲ್ಕನ್ಯಾಗ ಸರಪಳಿ, ಸಂಜಿಕ ಹತ್ತು ಮಿನಿಟು ಓಣ್ಯಾಗ ತಿರುಗಾಟ. ಬಾಗ್ಲಾ ಕಡೀತು, ಸೋಫಾ ಹರೀತು. ಮನಿಗೆ ಬಂದವರು ತಲಿ ಸವರಾಕ ಹೋದ್ರ ಗುರ್ ಅಂತಿತ್ತು. ವರ್ಷ ತುಂಬೂದ್ರಾಗ ಒಂದಿನ ರಸ್ತಾದ ಆ ಕಡೆ ಬೆಕ್ಕು ಓಡೂದು ಕಂಡು ಕೈಯಾಗಿನ ಹಗ್ಗ ಕಿತ್ತಕೊಂಡು ಹೋತು. ನಡುವ ಗಾಡಿ ಬಂತು. ತಮ್ಮನ ಮಗಳು ನಾಕು ದಿನ ಉಣ್ಣಲಿಲ್ಲ. "ಮಾತು ಕೇಳದ ನಾಯಿ" ಅಂದ್ವಿ ಎಲ್ಲಾರೂ. ನಾನೂ ಅಂದೆ. ಅದು ತನ್ನ ಅಜ್ಜ ಮುತ್ತಜ್ಜರನ್ನ ಯಾವುದಕ್ಕ ಆರಿಸಿದ್ರೋ ಅದನ್ನ ಮಾಡಿತ್ತು. ತಪ್ಪು ಮಾಡಿದಾಕಿ ನಾನು.

ಪ್ರತಿ ತಳಿ ಹಿಂದೂ ಇಂಥಾದ್ದೊಂದು ಕೆಲಸದ ಕಥಿ ಇರತೈತಿ. ನಾವೆಲ್ಲಾ ಪಾಮೇರಿಯನ್ ಅಂತ ಕರೀತಿದ್ದ ಬಿಳೇ ನಾಯಿ ನೆನಪೈತೇನು? 1994ರ ಹಮ್ ಆಪ್ಕೆ ಹೈ ಕೌನ್ ಸಿನಿಮಾದ ಟಫಿ! ಅದರ ವಂಶ ಯುರೋಪಿನ ಹಳ್ಳ್ಯಾಗ ಯಾರಾದ್ರೂ ಬಂದ್ರ ಒದರಿ ಹೇಳೂ ಕಾವಲಿನ ನಾಯಿಗಳದ್ದು. ಅದಕ್ಕ ಹಾಲಿನವ ಬಂದ್ರೂ ಒದರ್ತೈತಿ, ಪೇಪರಿನವ ಬಂದ್ರೂ ಒದರ್ತೈತಿ. ಗ್ವಾಡಿಗೆ ಗ್ವಾಡಿ ಹಚ್ಚಿದ ಮನ್ಯಾಗ ನೆರೆಯವರ ಜೋಡಿ ಜಗಳಾ ಖಾತ್ರಿ.

ಲ್ಯಾಬ್ರಡಾರ್ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಮೀನುಗಾರರ ನಾಯಿ. ಥಣ್ಣನ್ನ ನೀರಿಗಿಳಿದು ಬಲಿ, ಮೀನು ಎಳದು ತರತಿತ್ತು. ಆಮ್ಯಾಲ ಬ್ರಿಟನ್ನಿನ್ಯಾಗ ಹೊಡೆದ ಹಕ್ಕಿ ಹಲ್ಲು ತಾಗಿಸದಂಗ ತರೂದಕ್ಕ ಆರಿಸಿದ್ರು. ಮಕ್ಕಳ ಜೋಡಿ ಮೆತ್ತಗಿರೂದಕ್ಕ ಈ ಸ್ವಭಾವನೂ ಒಂದು ಕಾರಣ. ಆದ್ರ ಎರಡು ಪದರಿನ ಕೂದಲಾ, ನಮ್ಮ ಬ್ಯಾಸಗಿ ತ್ರಾಸು. ಹಾಕಿದಷ್ಟೂ ತಿಂದು ದಪ್ಪ ಆಗತೈತಿ. ಪಗ್ ಚೀನಾದ ಅರಮನಿ ತೊಡಿ ಮ್ಯಾಲಿನ ನಾಯಿ. 2003ರಾಗ ಮೊಬೈಲ್ ಕಂಪನಿ ಜಾಹೀರಾತಿನ್ಯಾಗ ಬಂದು ಎಲ್ಲಾರ ಮನಸ್ಸು ಕದ್ದಿತು. ನಾಯಿ ಮೈ ತಂಪಾಗೂದು ತೇಕೂದ್ರಿಂದ. ಮೊಂಡ ಮೂಗಿನ ಪಗ್ಗಿಗೆ ಅದ ಕಷ್ಟ, ಅದೂ ನಮ್ಮ ಏಪ್ರಿಲ್ ಬಿಸಲಾಗ!

ಇನ್ನ ನಮ್ಮ ಓಣಿ ನಾಯಿ. ಅದನ್ನ ಯಾವ ರಾಜನೂ ಆರಿಸಲಿಲ್ಲ. ಬಿಸಲು, ಮಳಿ, ಹಸಿವಿ ತಡಕೊಂಡದ್ದು ಉಳೀತು, ಅದರ ಮರಿ ಮುಂದ ಬಂದ್ವು. ಸಣ್ಣ ಕೂದಲಾ, ಹದಾ ಗಾತ್ರ, ರೊಟ್ಟಿ ಹಾಲಿಗೂ ಒಗ್ಗೂ ಹೊಟ್ಟಿ. ಸಾವಿರಾರು ವರ್ಷ ಮನಷ್ಯಾರ ಕಟ್ಟಿ ಕೆಳಗ ಬಾಳಿದ್ದು, ನಮ್ಮ ಮಾರಿ ನೋಡಿ ನಮ್ಮ ಮನಸ್ಸು ಓದತೈತಿ.

"ಓಣಿ ನಾಯಿ ಅಂದ್ರ ಹುಚ್ಚು, ಹೊಟ್ಟಿಗೆ 14 ಇಂಜೆಕ್ಷನ್" ಅಂತ ನಮ್ಮ ಅವ್ವ ಅಂಜಿಸ್ತಿದ್ಲು. ಅದೇನು ಸುಳ್ಳಲ್ಲ. ಪ್ರಾಣಿ ಮಿದುಳಿನಿಂದ ಮಾಡೂ ಆ ಲಸಿಕಿ ಡೇವಿಡ್ ಸೆಂಪಲ್ ಅನ್ನೂ ಡಾಕ್ಟರು 1911ರ ಹೊತ್ತಿಗೆ ಕಸೌಲಿಯೊಳಗ ತಯಾರಿಸಿದ್ದು. 2005ರ ಹೊತ್ತಿಗೆ ನಮ್ಮ ದೇಶದಾಗ ಅದು ನಿಂತಿತು. ಈಗ ತೋಳಿಗೇ ಕೆಲವು ಸೂಜಿ. ರೋಗದ ಅಂಜಿಕಿ ಮಾತ್ರ ಇರಲೇಬೇಕು. ಯಾವ ತಳಿ ಮರಿ ತಂದ್ರೂ ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕಿ, ಆಮ್ಯಾಲ ಡಾಕ್ಟರು ಹೇಳಿದಂಗ ವರ್ಷಾ ವರ್ಷಾ. ಕಡದ್ರ ಅರಿಷಿಣ, ಸುಣ್ಣ ಹಚ್ಚಕೋತ ಕೂಡಬ್ಯಾಡ್ರಿ. ಸಾಬೂನು ಹಚ್ಚಿ ಹರಿಯೂ ನೀರಿನ್ಯಾಗ 15 ಮಿನಿಟು ತೊಳದು, ಹಂಗ ದವಾಖಾನಿಗೆ ಹೋಗ್ರಿ.

ಹೊಲ ಇದ್ದವರು, ದಿನಾ ಓಡಸಾಕ ಜಾಗಾ ಮತ್ತ ತಾಳ್ಮಿ ಇದ್ದವರು ಮುಧೋಳ ನಾಯಿ ತರ್ರಿ, ಅದರಂಥಾ ನಾಯಿ ಇನ್ನೊಂದಿಲ್ಲ. ನಮ್ಮ ತಂಗಿ ಮನಿಗೆ ಅದು ಅಲ್ಲ. ನಮ್ಮ ಓಣಿ ಕೆಂಪಿ ಗಿರಣಿ ಹಿಂದ ನಾಕು ಮರಿ ಹಾಕೈತಿ. ಅದರಾಗ ಒಂದು, ಕಿವಿ ಜೋತಬಿದ್ದದ್ದು, ಯಾರು ಕುಂತ್ರೂ ಬಂದು ಕಾಲ ಮ್ಯಾಲ ಮಕ್ಕೋತೈತಿ. ಅತ್ತಿಯವರ ಕೋಲಿಗೂ ಅಂಜೂದಿಲ್ಲ ಅನಸತೈತಿ. ಆದ್ರ ಒಂದು ಮಾತು ತಂಗೆವ್ವಾ, ಹಗಲ ಹೊತ್ತು ಅದರ ಜೋಡಿ ಯಾರಿರ್ತಾರ ಅನ್ನೂದನ್ನ ಅತ್ತಿಯವರನ್ನ ಮೊದಲು ಕೇಳು. ಅವರು ಹೂಂ ಅಂದ್ರ ಬಾ, ಮರಿ ತಾಯಿ ಹಾಲು ಬಿಡೂ ತನಕ ನಾ ನೋಡ್ಕೋತೀನಿ. ಬ್ಯಾಡ ಅಂದ್ರ ಹುಡುಗನ್ನ ರಜಾಕ್ಕ ಇಲ್ಲಿಗೆ ಕಳಸು, ಕೆಂಪಿ ಜೋಡಿ ಆಡಲಿ.